ಖೇಣಿ ಮನೆಗೆ ಬರೆದ ಪಾಠಯೋಜನೆ

ಭದ್ರಾವತಿಯ ಅಭ್ಯಾಸ ಶಾಲೆಯಲ್ಲಿ ನನಗೆ ಸಿಕ್ಕಿದ್ದು ನಲಿ-ಕಲಿ ತರಗತಿ. ಎರಡನೇ ವಾರದಲ್ಲಿ ಮೂರನೇ ತರಗತಿಯ ಒಬ್ಬ ಹುಡುಗಿಯ ತಾಯಿ ಬಾಗಿಲಲ್ಲಿ ಬಂದು ನಿಂತರು. ಗಂಡ ಅಡಿಕೆ ಬೇಯಿಸುವ ಕೆಲಸದವರು. ಕೊಯ್ಲು ಶುರುವಾದರೆ ಚನ್ನಗಿರಿ ಕಡೆಯ ಖೇಣಿ ಮನೆಗಳಲ್ಲೇ ವಾಸ.

"ಅಡಿಕೆ ಮುಗಿಯೋವರೆಗೆ ನಾವೂ ಅವ್ರ ಜೊತೆ ಹೋಗ್ತೀವಿ ಮೇಡಂ. ನಾನು ಎಸೆಸೆಲ್ಸಿ ಓದಿದೀನಿ. ಏನು ಕಲಿಸ್ಬೇಕು ಬರ್ಕೊಡಿ, ಕಲಿಸ್ತೀನಿ."

ಶಿವಮೊಗ್ಗದ ನಮ್ಮ ಕಾಲೇಜಿನಲ್ಲಿ ಮನೆಶಾಲೆಯ ಬಗ್ಗೆ ಸೆಮಿನಾರ್ ಆಗಿತ್ತು. ಅದು ಬೆಂಗಳೂರಿನ ಉಳ್ಳವರ ವಿಚಾರವೆಂದು ನಾನೇ ವಾದಿಸಿದ್ದೆ. ಈಗ ಅದು ರೇಷನ್ ಚೀಲ ಹಿಡಿದು ಎದುರಿಗೆ ನಿಂತಿತ್ತು.

ಮುಖ್ಯ ಶಿಕ್ಷಕರು, ಹೋದ ಊರಿನ ಶಾಲೆಗೇ ಸೇರಿಸಿ ಎಂದರು. ಅವರು ಹೇಳಿದ್ದು ಸರಿಯೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಶಾಲೆಯೂ ಮಗುವನ್ನು ನಿರಾಕರಿಸುವಂತಿಲ್ಲ. ಆದರೆ ತಂದೆ ತಾಯಿ ದುಡಿಯಲು ಹೋದಲ್ಲಿ ತಾವೇ ಪಾಠ ಹೇಳುವ ಬಗ್ಗೆ ಕಾಯ್ದೆಯಲ್ಲಿ ಏನೂ ಇಲ್ಲ. "ಹದಿನೈದು ದಿನಕ್ಕೊಂದು ತೋಟ ಸರ್, ಯಾವ ಶಾಲೆಗೆ ಅಂತ ಸೇರಿಸ್ಲಿ?" ಎಂದರು ತಾಯಿ.

ನಾನು ಪಠ್ಯಪುಸ್ತಕದ ಪುಟಸಂಖ್ಯೆಗಳನ್ನು ಬರೆದುಕೊಟ್ಟೆ. ಕೊಟ್ಟು ಮರೆತೆ.

ಮೂರು ವಾರದ ನಂತರ ರೇಷನ್ನಿಗೆ ಬೆರಳಚ್ಚು ಕೊಡಲು ಊರಿಗೆ ಬಂದವರು ನೋಟುಪುಸ್ತಕ ತೋರಿಸಿದರು. ಮುತ್ತಿನಂಥ ಅಕ್ಷರ, ಪುಟಗಟ್ಟಲೆ ನಕಲು. ಆದರೆ 304ರಿಂದ 128 ಕಳೆಯಲು ಹೇಳಿದರೆ ಹುಡುಗಿ ನೆಲ ನೋಡಿದಳು. ದಶಕದ ಮನೆಯಲ್ಲಿ ಸೊನ್ನೆ ಇದ್ದಾಗ ಎಲ್ಲಿಂದ ತರಬೇಕೆಂದು ನಾನು ಎಲ್ಲೂ ಬರೆದಿರಲಿಲ್ಲ. ನನ್ನ ಪಾಠಯೋಜನೆಗಳಲ್ಲಿ "ಚಟುವಟಿಕೆಯ ಮೂಲಕ ವಿವರಿಸುವುದು" ಎಂಬ ಸಾಲು ಎಷ್ಟು ಬಾರಿ ಬಂದಿದೆಯೋ! ಆ ಚಟುವಟಿಕೆ ಇದ್ದದ್ದು ನನ್ನ ತಲೆಯಲ್ಲಿ ಮಾತ್ರ. ಆ ತಾಯಿಗೆ ಬೇಕಿದ್ದದ್ದು ಅದೇ.

ಮಾರ್ಗದರ್ಶಕ ಶಿಕ್ಷಕಿ ಗೋಡೆಯ ಕಲಿಕಾ ಏಣಿ ತೋರಿಸಿದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಆರಂಭವಾದಾಗಿನಿಂದ ಅದರ ತತ್ವ ಒಂದೇ: ತಪ್ಪಿಸಿಕೊಂಡ ಮಗು ಬಂದಾಗ, ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಪರೀಕ್ಷೆಗೆ ಇದನ್ನು ನಾನು ಬಾಯಿಪಾಠ ಮಾಡಿದ್ದೆ.

ಆ ಸಂಜೆ ಶಿವಮೊಗ್ಗದ ಬಸ್ಸು ಬಿಟ್ಟು ಹೊಸದಾಗಿ ಬರೆಯಲು ಕುಳಿತೆ. ಒಂದು ಮೆಟ್ಟಿಲಿಗೆ ಒಂದು ಹಾಳೆ. ಹತ್ತು ಅಡಿಕೆಗೆ ಒಂದು ಗುಂಪು, ಹತ್ತು ಗುಂಪಿಗೆ ಒಂದು ಬುಟ್ಟಿ. ದಶಕ ಸಾಲದಿದ್ದರೆ ಬುಟ್ಟಿ ಬಿಚ್ಚಿಸಿ. ನಿನ್ನೆ ಯಾರು ಎಷ್ಟು ಕಿಲೋ ಸುಲಿದರು, ಇಂದು ಎಷ್ಟು ಹೆಚ್ಚು? ಮಗು ತಪ್ಪಿದರೆ ಏನು ಕೇಳಬೇಕು ಎಂಬುದನ್ನೂ ಬರೆದೆ. ಇಡೀ ತರಬೇತಿಯಲ್ಲಿ ನನಗೆ ಅತಿ ಕಷ್ಟವಾದದ್ದು ಈ ಕೊನೆಯ ಸಾಲು. ಕೆಳಗೆ, "ಅವಳ ಕೈಗೆ ಕತ್ತಿ ಕೊಡಬೇಡಿ, ತಮ್ಮನನ್ನು ನೋಡಿಕೊಳ್ಳುವುದೇ ಅವಳ ಕೆಲಸವಾಗದಿರಲಿ" ಎಂದು ಸೇರಿಸಿದೆ. ಅಧಿಕಪ್ರಸಂಗವೇನೋ. ತಾಯಿ ಓದಿ ಸುಮ್ಮನೆ ಮಡಚಿಟ್ಟುಕೊಂಡರು.

ಅಡಿಕೆ ಮುಗಿಸಿ ಅವರು ಮರಳಿದಾಗ ನನ್ನ ಬೋಧನಾಭ್ಯಾಸದ ಕೊನೆಯ ವಾರ. ಹುಡುಗಿ ಕಳೆಯುವ ಲೆಕ್ಕ ಮಾಡಿದಳು. ಕನ್ನಡ ಓದು ಮಾತ್ರ ಹಿಂದೆ ಬಿದ್ದಿತ್ತು. ಮೊದಲ ದಿನ ಗುಂಪಿನಲ್ಲಿ ಕೂರದೆ ತಾಯಿಯ ಸೆರಗು ಹಿಡಿದಿದ್ದಳು. ಹಾಜರಿ ಪುಸ್ತಕದಲ್ಲಿ ಆ ದಿನಗಳೆಲ್ಲ ಗೈರು. ಮಾರ್ಗದರ್ಶಕರು ಮತ್ತೊಮ್ಮೆ ಪರೀಕ್ಷಿಸಿದ ಮೇಲೆ, ಪ್ರಗತಿ ನೋಟದಲ್ಲಿ ಗಣಿತದ ಮೂರು ಮೆಟ್ಟಿಲುಗಳಿಗೆ ಗುರುತು ಹಾಕಿದೆ.