ನಾನು ಕೇಳದ ಸಹಾಯ

ಕಳೆದ ವರ್ಷ ಒಂದು ಟ್ರಸ್ಟ್‌ನವರು ವಿದ್ಯಾರ್ಥಿವೇತನಕ್ಕಾಗಿ ನಮ್ಮ ತರಗತಿಯ ಪಟ್ಟಿ ಕೇಳಿದ್ದರು. ನನಗೆ ಟೈಪಿಂಗ್ ಬರುತ್ತದೆಂದು ಮೇಡಂ ಆ ಕೆಲಸ ನನಗೇ ಒಪ್ಪಿಸಿದರು. ಹೆಸರು, ಮನೆ ನಂಬರ್, ಆಧಾರ್, ಬ್ಯಾಂಕ್ ಖಾತೆ ಎಲ್ಲವನ್ನೂ ಸ್ಪ್ರೆಡ್‌ಶೀಟ್‌ನಲ್ಲಿ ತುಂಬತೊಡಗಿದೆ.

3-12 ಎಂಬ ಮನೆ ನಂಬರ್ ಹಾಕಿ ಎಂಟರ್ ಒತ್ತಿದರೆ ಅದು ಡಿಸೆಂಬರ್ 3ನೇ ತಾರೀಕಾಯಿತು! 12 ಅಂಕಿಯ ಆಧಾರ್ ಸಂಖ್ಯೆ ನಡುವೆ ‘ಇ’ ಅಕ್ಷರ ಸೇರಿಸಿಕೊಂಡು ಗಣಿತದ ಲೆಕ್ಕದಂತೆ ಕಂಡಿತು. ಕಣ್ಣಿಗೆ ಬಿದ್ದ ತಪ್ಪುಗಳನ್ನೆಲ್ಲ ಬೈದುಕೊಳ್ಳುತ್ತಾ ತಿದ್ದಿ ಪಟ್ಟಿ ಕಳಿಸಿದೆ.

ತಿಂಗಳ ನಂತರ ಎಲ್ಲರಿಗೂ ಹಣ ಬಂತು. “ನನ್ನದು ಮಾತ್ರ ಬರಲಿಲ್ಲ ಮಾರಾಯ್ತಿ” ಎಂದಳು ಪಕ್ಕದ ಬೆಂಚಿನ ಗೆಳತಿ. ಅವಳ ಉಮ್ಮ ಬೀಡಿ ಕಟ್ಟಿ ಮನೆ ನಡೆಸುವವರು. ಆ ಹಣವನ್ನೇ ನಂಬಿ ಫೀಸಿಗೆ ಸಾಲ ಮಾಡಿದ್ದರು. ಪಾಸ್‌ಬುಕ್ ತರಿಸಿ ಪಟ್ಟಿಯೊಂದಿಗೆ ಹೋಲಿಸಿದೆ. ಅವಳ ಖಾತೆ ಸಂಖ್ಯೆ ಸೊನ್ನೆಯಿಂದ ಶುರುವಾಗುತ್ತದೆ. ಪಟ್ಟಿಯಲ್ಲಿ ಆ ಸೊನ್ನೆಯೇ ಇಲ್ಲ. ಸಂಖ್ಯೆಯ ಮುಂದಿನ ಸೊನ್ನೆಗೆ ಬೆಲೆಯಿಲ್ಲವೆಂದು ತಂತ್ರಾಂಶವೇ ತೆಗೆದುಹಾಕಿತ್ತು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

ಆಮೇಲೆ ಓದಿ ತಿಳಿದೆ, ವಿಜ್ಞಾನಿಗಳಿಗೂ ಇದೇ ಕಾಟ. ‘ಮಾರ್ಚ್1’ ಎಂಬ ಜೀನ್‌ನ ಹೆಸರನ್ನು ಸ್ಪ್ರೆಡ್‌ಶೀಟ್ ತಾರೀಕೆಂದು ಬದಲಾಯಿಸುತ್ತಿತ್ತು. ಸಾಕಾಗಿ, ಅಂಥ ಜೀನ್‌ಗಳ ಹೆಸರನ್ನೇ ಬದಲಿಸಲಾಯಿತು. 2020ರ ಹೆಸರಿಡುವ ನಿಯಮಗಳಲ್ಲಿ ಈ ವಿಷಯವೂ ಸೇರಿತು. ಆದರೆ ನನ್ನ ಗೆಳತಿ ಖಾತೆ ಸಂಖ್ಯೆ ಬದಲಿಸಲು ಸಾಧ್ಯವೇ?

ಉಪಾಯ ಸುಲಭ. ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಬದಲಿಸಬೇಕು, ಅಥವಾ ಸಂಖ್ಯೆಯ ಮುಂದೆ ಒಂದು ಅಪಾಸ್ಟ್ರಫಿ ಹಾಕಬೇಕು. 15ಕ್ಕಿಂತ ಹೆಚ್ಚು ಅಂಕಿಗಳಿದ್ದರೆ ಇದು ಇನ್ನೂ ಮುಖ್ಯ. ಇಲ್ಲದಿದ್ದರೆ ಕೊನೆಯ ಅಂಕಿಗಳೂ ಸೊನ್ನೆಯಾಗುತ್ತವೆ, ಆಮೇಲೆ ‘ಟೆಕ್ಸ್ಟ್’ ಮಾಡಿದರೂ ಮರಳಿ ಬರುವುದಿಲ್ಲ.

ಮೇಡಂ ಪತ್ರ ಬರೆದ ಮೇಲೆ ಗೆಳತಿಗೂ ಹಣ ಬಂತು, ಆರು ವಾರ ತಡವಾಗಿ. ಅವಳು ನನ್ನನ್ನು ಬೈಯಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ತಂತ್ರಾಂಶ ಮಾಡಿದ್ದು ತಪ್ಪೇ, ಆದರೆ ಕಳಿಸುವ ಮೊದಲು ಪಾಸ್‌ಬುಕ್ ಜೊತೆ ಹೋಲಿಸದೇ ಇದ್ದದ್ದು ನಾನು. ಇನ್ನೊಬ್ಬರ ವಿವರ ನಮ್ಮ ಕೈಗೆ ಬಂದರೆ ಅದು ಅಮಾನತ್. ಈಗ ಯಾವ ಪಟ್ಟಿ ಮಾಡಿದರೂ ಒಬ್ಬಳನ್ನು ಪಕ್ಕದಲ್ಲಿ ಕೂರಿಸಿ, ಒಂದೊಂದೇ ಅಂಕಿ ಗಟ್ಟಿಯಾಗಿ ಓದಿಸುತ್ತೇನೆ, ಸೊನ್ನೆಯನ್ನೂ ಸೇರಿಸಿ.