ಮೂರು ಕೊಟೇಶನ್, ಒಂದು ಊಟ

ಬ್ಯಾಂಕಿನವರಿಗೆ ಮೂರು ಕೊಟೇಶನ್ ಅಂದರೆ ವೇದವಾಕ್ಯ. ಫ್ಯಾನ್ ರಿಪೇರಿಗೂ ಮೂರು, ಸಮಾವೇಶಕ್ಕೂ ಮೂರು. ಕಡಿಮೆ ಬರೆದವನಿಗೆ ಕೆಲಸ. ಆಡಿಟರೂ ಖುಷಿ, ನಾವೂ ಖುಷಿ.

2016ರ ಆಗಸ್ಟಿನಲ್ಲಿ ಘಾಟ್ಕೋಪರಿನ ನಮ್ಮ ಶಾಖೆಯಿಂದ ವ್ಯಾಪಾರಿ ಗ್ರಾಹಕರ ಸಮಾವೇಶ. ಏರ್ಪಾಡು ನನ್ನ ತಲೆಗೆ ಬಂತು. ಅತಿ ಕಡಿಮೆ ದರ ಹಾಕಿದ ಇವೆಂಟ್ ಹುಡುಗ ಒಳ್ಳೆಯವನೇ. ಏನು ಹೇಳಿದರೂ "ಹೋ ಜಾಯೇಗಾ ಸರ್." ಸ್ಟೇಜು, ಪರದೆ, ಹೂಗುಚ್ಛ ಎಲ್ಲ ಆಯಿತು. ಆರೂವರೆಗೆ ಶುರು, ಎಂಟೂವರೆಗೆ ಊಟ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಜೈನ್ ಕೌಂಟರನ್ನು ನಾನೇ ಹೇಳಿ ಮಾಡಿಸಿದ್ದೆ. ಸ್ವಲ್ಪ ಹೆಮ್ಮೆಯೂ ಇತ್ತು ಅನ್ನಿ.

ಆ ಕೌಂಟರಿನ ಮುಂದೆ ಹೆಚ್ಚು ಜನ ಸುಳಿಯಲಿಲ್ಲ. ಸ್ಟೀಲ್ ಪಾತ್ರೆ ಅಂಗಡಿಯ ಕಾಕಾ, ನಮ್ಮ ಬಹಳ ಹಳೆಯ ಗ್ರಾಹಕರು, ಕಾಕಿಯ ಜೊತೆ ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ನೀರು ಕೊಡಹೋದೆ. ಕೈಮುಗಿದು, "ಚೌವಿಹಾರ್, ಸಾಹೇಬ್" ಅಂದರು. ಸೂರ್ಯ ಮುಳುಗಿದ ಮೇಲೆ ನೀರೂ ಇಲ್ಲ. ಅದೂ ಚಾತುರ್ಮಾಸ! ಆಗಸ್ಟಿನಲ್ಲಿ ಮುಂಬಯಿಯಲ್ಲಿ ಏಳರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ನನ್ನ ಮುಖ ನೋಡಿ, ಮರ್ಯಾದೆಗಾಗಿ, ಇಬ್ಬರೂ ಹಸಿದುಕೊಂಡೇ ಕೊನೆಯವರೆಗೆ ಕೂತಿದ್ದರು. ಹುಡುಗನನ್ನು ಬಯ್ಯಲು ಬಾಯಿ ಬರಲಿಲ್ಲ. ಅವನು ಕೇಳಲಿಲ್ಲ, ಸರಿ. ಹನ್ನೊಂದು ವರ್ಷ ಕಾಕಾನ ಅಂಗಡಿಯಲ್ಲಿ ಚಹಾ ಕುಡಿದ ನನಗಾದರೂ ಹೊಳೆಯಬೇಕಿತ್ತಲ್ಲ?

ರಾತ್ರಿ ಲೋಕಲ್ಲಿನಲ್ಲಿ ಅಪ್ಪನ ನೆನಪು. ಅಣ್ಣನ ಉಪನಯನಕ್ಕೆ ಅಡಿಗೆಯವರನ್ನು ನೋಡುವಾಗ ಒಬ್ಬ ಬಂದವನೇ ದರ ಹೇಳಿದ. ಇನ್ನೊಬ್ಬ ಭಟ್ಟರು ಬಾವಿ ಎಷ್ಟು ದೂರ, ಕಟ್ಟಿಗೆ ಒಣಗಿದೆಯೋ, ಮಡಿಯಲ್ಲಿ ಉಣ್ಣುವ ಮುದುಕಿಯರು ಎಷ್ಟು ಮಂದಿ ಅಂತ ಕೇಳುತ್ತಾ ಹಿತ್ತಿಲೆಲ್ಲ ಸುತ್ತಿದರು. ಅಪ್ಪ ದರ ಕೇಳುವ ಮೊದಲೇ ಅವರನ್ನು ಗೊತ್ತು ಮಾಡಿದ್ದರು.

2018ರಲ್ಲಿ, ಮತ್ತೆ ಆಗಸ್ಟಿನಲ್ಲೇ, ಇನ್ನೊಂದು ಸಮಾವೇಶ. ಈ ಸಲ ಮೂವರನ್ನೂ ಕರೆಸಿ ಮಾತಾಡಿದೆ. ಇಬ್ಬರು ಲ್ಯಾಪ್‌ಟಾಪಿನಲ್ಲಿ ಹಳೆ ಕಾರ್ಯಕ್ರಮಗಳ ಫೋಟೊ ತೋರಿಸಿದರು. ಡೊಂಬಿವಲಿಯಿಂದ ಬಂದ ಹೆಂಗಸು ಮಾತ್ರ ನೋಟ್‌ಬುಕ್ ತೆರೆದು ನನ್ನನ್ನೇ ವಿಚಾರಣೆಗೆ ತಗೊಂಡರು. ಬರುವವರ ವಯಸ್ಸೇನು? ಚೌವಿಹಾರದವರು ಎಷ್ಟು? ಭಾನುವಾರವೇ? ಮೆಗಾಬ್ಲಾಕ್ ಇದ್ದರೆ ಮುಲುಂಡ್ ಕಡೆಯವರು ಹೇಗೆ ಬರುತ್ತಾರೆ? ಕರೆಂಟ್ ಹೋದರೆ ಜನರೇಟರಿನಲ್ಲಿ ಲಿಫ್ಟ್ ನಡೆಯುತ್ತದೆಯೋ, ಬರೀ ದೀಪವೋ? ಅರ್ಧಕ್ಕರ್ಧ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಯಾವ ಕೆಲಸಕ್ಕೆ ಯಾರು ಹೊಣೆ ಅಂತ ಅವರ ಕೊಟೇಶನ್ನಿನಲ್ಲೇ ಬರೆದಿತ್ತು. ದರ ಮಾತ್ರ 22 ಸಾವಿರ ಹೆಚ್ಚು.

ಮ್ಯಾನೇಜರ್ ಮೂಗು ಮುರಿದರು. ಎರಡು ಪುಟದ ನೋಟ್ ಬರೆದು ಸಹಿ ಹಾಕಿದೆ. ಪ್ರಮೋಷನ್ನಿಗೆ ಕಾಯುತ್ತಿದ್ದ ಕಾಲ. "ನಿಮಗ್ಯಾಕ್ರೀ ಉಸಾಬರಿ?" ಅಂದಳು ಮನೆಯವಳು.

ನಾಲ್ಕೂವರೆಗೆ ಶುರು, ಐದೂವರೆಗೆ ಊಟ, ಭಾಷಣ ಆಮೇಲೆ. (ಹೊಟ್ಟೆ ತುಂಬಿದವರು ತೂಕಡಿಸಿದರು, ಅದು ಬೇರೆ ಮಾತು.) ಕಾಕಾ ತಟ್ಟೆ ಹಿಡಿದು ನನ್ನ ಪಕ್ಕವೇ ಕೂತರು. ಕಾಕಿ ಎರಡನೇ ಸಲ ಕಢಿ ಹಾಕಿಸಿಕೊಂಡರು.

ಆಡಿಟಿನಲ್ಲಿ 22 ಸಾವಿರದ ಪ್ರಶ್ನೆ ಬಂದೇ ಬಂತು. ನೋಟಿನ ಪ್ರತಿ ತೆಗೆದಿಟ್ಟುಕೊಂಡಿದ್ದೆ.