ಉಭಯಚರದೊಡನೆ ಎರಡು ದಿನದ ಪ್ರಯಾಣ

ನಾಯಿಯನ್ನಾಗಲಿ ಬೆಕ್ಕನ್ನಾಗಲಿ ಸಾಕಿದವನು ಊರು ಬಿಟ್ಟು ಹೊರಟರೆ ಅವು ದಾರಿಯಲ್ಲಿ ತಮ್ಮ ಕಷ್ಟವನ್ನು ತಾವೇ ತಿಳಿಸಬಲ್ಲವು. ಬಾಯಾರಿದರೆ ಕೂಗುತ್ತವೆ, ಸೆಕೆಯಾದರೆ ನಾಯಿಯು ನಾಲಗೆ ಚಾಚಿ ತೇಕುತ್ತದೆ. ಕಪ್ಪೆಯೇ ಮೊದಲಾದ ಉಭಯಚರಗಳ ವಿಷಯ ಹಾಗಲ್ಲ. ಇವು ಉಸಿರಾಟದ ಒಂದು ಭಾಗವನ್ನು ಚರ್ಮದಿಂದಲೇ ನಡೆಸುತ್ತವೆ. ಚರ್ಮವು ಒಣಗಿದರೂ ನೀರು ಬಿಸಿಯಾದರೂ ಇವುಗಳ ಪ್ರಾಣಕ್ಕೇ ಸಂಚಕಾರ. ಆ ಸಂಕಟವನ್ನಾದರೋ ಮೌನವಾಗಿಯೇ ಅನುಭವಿಸುತ್ತವೆ. ಅಲ್ಪಜ್ಞರನ್ನು ನಾವು ಕೂಪಮಂಡೂಕಗಳೆಂದು ಹಳಿಯುವುದುಂಟು. ಮಂಡೂಕದ ಪಕ್ಷದಿಂದ ನೋಡಿದರೆ ಬಾವಿಯ ತಂಪೇ ಅದರ ಬದುಕು. ಅದನ್ನು ದೂರಕ್ಕೆ ಕೊಂಡೊಯ್ಯುವವನು ಅದರ ಬಾವಿಯನ್ನೂ ಜತೆಯಲ್ಲಿಯೇ ಹೊತ್ತು ನಡೆಯಬೇಕು.

ಈ ಮಾತಿನ ಅರ್ಥವು ನನಗೆ ಚೆನ್ನಾಗಿ ಮನದಟ್ಟಾದದ್ದು ಅಮೆರಿಕಾ ದೇಶದಲ್ಲಿ. ಷಿಕಾಗೋ ನಗರದಲ್ಲಿ ಮಗಳ ಮನೆಯಲ್ಲಿ ನಾನಿದ್ದಾಗ ಅಳಿಯನಿಗೆ ಡೆನ್ವರ್ ನಗರಕ್ಕೆ ವರ್ಗವಾಯಿತು. ನಡುವಣ ದೂರ ಸುಮಾರು ೧೬೦೦ ಕಿಲೋಮೀಟರು. ಕಾಲವು ಜೂನ್ ತಿಂಗಳ ಬೇಸಗೆ. ಮನೆಯ ಸಾಮಾನುಗಳು ಲಾರಿಯಲ್ಲಿ ಹೋದವು. ಉಳಿದದ್ದು ಹನ್ನೊಂದು ವರ್ಷದ ಮೊಮ್ಮಗಳು ಸಾಕಿದ್ದ ಆಕ್ಸೊಲಾಟಲ್ ಎಂಬ ಪ್ರಾಣಿ. “ಹತ್ತಿರದ ಕೊಳಕ್ಕೆ ಬಿಟ್ಟುಬಿಡಿ” ಎಂದು ನೆರೆಯವರೊಬ್ಬರು ಹೇಳಿದರು. ಹುಡುಗಿಯು ಅಂದು ಊಟವನ್ನೇ ಮಾಡಲಿಲ್ಲ.

ಆ ಸಲಹೆಯು ಕರುಣೆಯಂತೆ ತೋರಿದರೂ ಕರುಣೆಯಲ್ಲ. ಸಾಕಿದ ಉಭಯಚರವನ್ನು ಹೊರಗೆ ಬಿಟ್ಟರೆ ಅದು ಸಾಯಬಹುದು. ಬದುಕಿದರೂ ಅದರ ಮೈಯ ರೋಗವು ಕಾಡಿನ ಪ್ರಾಣಿಗಳಿಗೆ ತಗಲಬಹುದು. ಕೈಟ್ರಿಡ್ ಎಂಬ ಶಿಲೀಂಧ್ರದಿಂದ ಭೂಮಂಡಲದ ಅನೇಕ ಕಪ್ಪೆಗಳ ಜಾತಿಗಳು ಕ್ಷಯಿಸಿವೆ. ಅದೇ ಬಗೆಯ ಇನ್ನೊಂದು ಶಿಲೀಂಧ್ರವು ಸಾಲಮಾಂಡರ್‌ಗಳನ್ನು ಕೊಲ್ಲುವುದೆಂದು ೨೦೧೩ರಲ್ಲಿ ಪ್ರಕಟವಾದ ಬಳಿಕ, ೨೦೧೬ರಲ್ಲಿ ಅಮೆರಿಕಾ ಸರ್ಕಾರವು ೨೦ ಕುಲಗಳ ಸಾಲಮಾಂಡರ್‌ಗಳನ್ನು ದೇಶದೊಳಕ್ಕೆ ತರುವುದನ್ನು ತಡೆಯಿತು. ಅಲ್ಲಿ ರಾಜ್ಯರಾಜ್ಯಕ್ಕೂ ಕಾನೂನು ಬೇರೆ. ಕ್ಯಾಲಿಫೋರ್ನಿಯದಲ್ಲಿ ಆಕ್ಸೊಲಾಟಲನ್ನು ಸಾಕಗೊಡುವುದಿಲ್ಲ. ಆದಕಾರಣ ದಾರಿಯಲ್ಲಿ ಸಿಕ್ಕುವ ಎಲ್ಲ ರಾಜ್ಯಗಳ ನಿಯಮವನ್ನೂ ಅಳಿಯನು ಮೊದಲೇ ವಿಚಾರಿಸಿಕೊಂಡನು.

ಈ ಪ್ರಾಣಿಯ ತೌರು ಮೆಕ್ಸಿಕೋ ನಗರದ ಸೊಚಿಮಿಲ್ಕೋ ಎಂಬ ಸರೋವರ. ಗೇಣುದ್ದದ ಹಲ್ಲಿಯಂಥ ದೇಹ. ಕೊರಳಿನ ಎರಡು ಪಕ್ಕಗಳಲ್ಲಿ ಗರಿಗಳಂತೆ ಹರಡಿದ ಕಿವಿರುಗಳು. ಕಪ್ಪೆಯ ಮರಿಯು ಬೆಳೆದು ನೆಲಕ್ಕೇರಿದರೆ ಇದು ಆಯುಷ್ಯವನ್ನೆಲ್ಲ ಬಾಲ್ಯರೂಪದಲ್ಲಿಯೇ ನೀರಿನೊಳಗೆ ಕಳೆಯುತ್ತದೆ. ಬಲಿಗೆ ಅಂಜಿ ಓಡಿದ ಷೊಲೊಟ್ಲ್ ಎಂಬ ದೇವತೆಯು ಕಡೆಗೆ ನೀರಿನಲ್ಲಿ ಈ ರೂಪದಿಂದ ಅಡಗಿಕೊಂಡನೆಂದು ಅಲ್ಲಿಯ ಪುರಾಣ. ೧೮೬೪ರಲ್ಲಿ ೩೪ ಆಕ್ಸೊಲಾಟಲ್‌ಗಳು ಸಮುದ್ರವನ್ನು ದಾಟಿ ಪ್ಯಾರಿಸ್ಸನ್ನು ಸೇರಿದವು. ಅವುಗಳಲ್ಲಿ ಆರು ದ್ಯುಮೆರಿಲ್ ಎಂಬ ಪಂಡಿತನ ವಶಕ್ಕೆ ಬಂದು, ಮರುವರ್ಷವೇ ಮರಿಗಳಾದವು. ಇತ್ತ ತೌರಿನಲ್ಲಾದರೋ ೧೯೯೮ರಲ್ಲಿ ಚದರ ಕಿಲೋಮೀಟರಿಗೆ ಸುಮಾರು ೬೦೦೦ ಇದ್ದವು ೨೦೧೪ರ ಎಣಿಕೆಯಲ್ಲಿ ೩೬ಕ್ಕೆ ಇಳಿದಿದ್ದವು. ಮಗುವಿನ ಗಾಜಿನ ತೊಟ್ಟಿಯಲ್ಲಿದ್ದುದು ಅಂಥ ಕುಲದ ಒಂದು ಜೀವ.

ಸಿದ್ಧತೆಯು ಎರಡು ದಿನ ಮುಂಚೆಯೇ ಆರಂಭವಾಯಿತು. ಮೊದಲನೆಯದು ಉಪವಾಸ. ತಿಂದು ಹೊರಟರೆ ಮಲದಿಂದ ಅಮೋನಿಯವು ಹುಟ್ಟಿ ಸ್ವಲ್ಪ ನೀರು ಬೇಗನೆ ಕೆಡುತ್ತದೆ; ಬೆಳೆದ ಪ್ರಾಣಿಗೆ ಎರಡು ಮೂರು ದಿನದ ಉಪವಾಸದಿಂದ ಬಾಧೆಯಿಲ್ಲ. ಎರಡನೆಯದು ವಸತಿ. ಮುಚ್ಚಳದಲ್ಲಿ ರಂಧ್ರಗಳಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಳೆಯ ತೊಟ್ಟಿಯ ನೀರನ್ನೇ ಪ್ರಾಣಿಯು ಮುಳುಗುವಷ್ಟು ತುಂಬಿದೆವು. ಕಲ್ಲು ಮರಳುಗಳನ್ನು ಹಾಕಲಿಲ್ಲ, ಕುಲುಕಾಟದಲ್ಲಿ ಅವು ಮೈಗೆ ಬಡಿಯುತ್ತವೆ. ಆ ಡಬ್ಬಿಯನ್ನು ಮಂಜುಗಡ್ಡೆಯಿಡುವ ದಪ್ಪಗೋಡೆಯ ಪೆಟ್ಟಿಗೆಯೊಳಗಿಟ್ಟು, ಪಕ್ಕದಲ್ಲಿ ಹೆಪ್ಪುಗಟ್ಟಿದ ನೀರಿನ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಸೇರಿಸಿದೆವು. ಉಷ್ಣಮಾಪಕವು ೧೬ರಿಂದ ೧೮ ಡಿಗ್ರಿ ತೋರಿಸುತ್ತಿರಬೇಕು. ೨೪ನ್ನು ಮುಟ್ಟಿದರೆ ಅಪಾಯ. ನೀರು ಸೋಸುವ ಸ್ಪಂಜನ್ನೂ ಒದ್ದೆಯಾಗಿಯೇ ಕಟ್ಟಿಕೊಂಡೆವು, ಏಕೆಂದರೆ ಅದರಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳೇ ಅಮೋನಿಯದ ವಿಷವನ್ನು ಕಳೆಯತಕ್ಕವು.

ನಸುಕಿನಲ್ಲಿ ಐದು ಗಂಟೆಗೆ ಹೊರಟೆವು. ಎಂಟರ ಹೊತ್ತಿಗೆ ಮಿಸಿಸಿಪ್ಪಿ ನದಿಯ ಸೇತುವೆ. ಆಚೆಗೆ ಅಯೋವಾ ರಾಜ್ಯ. ಅಲೆಯಲೆಯಾಗಿ ಏರಿಳಿಯುವ ನೆಲ, ಕಣ್ಣು ಹರಿದಷ್ಟು ದೂರ ಮುಸುಕಿನ ಜೋಳ ಮತ್ತು ಸೋಯಾ ಅವರೆ. ಮಧ್ಯಾಹ್ನ ಊಟಕ್ಕೆ ನಿಂತಾಗ ಕಾರಿನಲ್ಲಿ ಪೆಟ್ಟಿಗೆಯೊಂದನ್ನೇ ಬಿಟ್ಟು ಇಳಿಯುವ ಮಾತೇ ಇರಲಿಲ್ಲ. ಹೊರಗೆ ೨೭ ಡಿಗ್ರಿ ಇದ್ದರೂ ಮುಚ್ಚಿದ ಕಾರು ಅರ್ಧ ಗಂಟೆಯಲ್ಲಿ ೪೦ನ್ನು ದಾಟುತ್ತದೆ. ಪೆಟ್ಟಿಗೆಯನ್ನು ಮರದ ನೆರಳಿಗೆ ಇಳಿಸಿ, ಅದರ ಸುತ್ತಲೂ ಕುಳಿತು ಮೊಸರನ್ನ ತಿಂದೆವು. “ತಾತ, ಅದಕ್ಕೆ ಉಪವಾಸ, ನಮಗೆ ಊಟ, ಇದು ಸರಿಯೇ?” ಎಂದು ಮೊಮ್ಮಗಳು ಕೇಳಿದಳು. “ನಾಳೆ ಅದರ ಪಾರಣೆ, ತಾಯಿ” ಎಂದೆನು.

ಮಿಸ್ಸೂರಿ ನದಿಯನ್ನು ದಾಟಿ ಒಮಾಹಾ ನಗರದಲ್ಲಿ ರಾತ್ರಿ ತಂಗಿದೆವು. ಅಲ್ಲಿ ಅರ್ಧ ನೀರನ್ನು ತೆಗೆದು, ಸೀಸೆಗಳಲ್ಲಿ ತಂದಿದ್ದ ಹಳೆಯ ನೀರನ್ನೇ ತುಂಬಿದೆವು. ನಲ್ಲಿಯ ನೀರಿನಲ್ಲಿರುವ ಕ್ಲೋರೀನು ಈ ಚರ್ಮಕ್ಕೆ ವಿಷ. ತೆಗೆದ ನೀರನ್ನು ಚರಂಡಿಗಲ್ಲದೆ ಹೊಳೆಗೂ ಹುಲ್ಲಿಗೂ ಚೆಲ್ಲಲಿಲ್ಲ. ಆಮೇಲೆ ಎಲ್ಲರೂ ಸಾಬೂನಿನಿಂದ ಕೈ ತೊಳೆದೆವು. ಉಭಯಚರಗಳ ಮೈಯಲ್ಲಿ ಮನುಷ್ಯನಿಗೆ ಬೇನೆ ತರುವ ಸಾಲ್ಮೊನೆಲ್ಲ ಕ್ರಿಮಿಗಳಿರುವುದುಂಟು.

ಮರುದಿನದ ಸಂಗಾತಿ ಪ್ಲಾಟ್ ನದಿ. ಅಗಲವಾಗಿ, ಆಳವಿಲ್ಲದೆ, ಮರಳುದಿಬ್ಬಗಳ ನಡುವೆ ಹೆಣೆದುಕೊಂಡು ಹರಿಯುವ ಈ ಹೊಳೆಯ ದಂಡೆಯನ್ನೇ ಹಿಡಿದು ಹತ್ತೊಂಬತ್ತನೆಯ ಶತಮಾನದ ವಲಸೆಗಾರರು ಎತ್ತಿನ ಬಂಡಿಗಳಲ್ಲಿ ಪಶ್ಚಿಮಕ್ಕೆ ನಡೆದರು. ಕರ್ನಿ ಎಂಬ ಊರಿನ ಬಳಿ ಅವರ ನೆನಪಿಗಾಗಿ ೨೦೦೦ದಲ್ಲಿ ತೆರೆದ ಕಮಾನುಕಟ್ಟಡವು ಹೆದ್ದಾರಿಯ ಮೇಲೆಯೇ ನಿಂತಿದೆ. ಅದರಾಚೆಗೆ ರಸ್ತೆಯ ದುರಸ್ತಿಯಿಂದ ಬಂಡಿಗಳ ಸಾಲು ನಿಂತುಹೋಯಿತು. ಹೊರಗೆ ಉರಿಬಿಸಿಲು. ಸೀಸೆಗಳ ಮಂಜು ಕರಗಿತ್ತು. ಮಾಪಕವು ೧೯, ೨೦, ೨೧ ಎಂದು ಏರಿತು. ಮೊಮ್ಮಗಳು ಒಂದೊಂದು ಅಂಕವನ್ನೂ ಮೆಲುದನಿಯಲ್ಲಿ ಓದುತ್ತಿದ್ದಳು, ಉಳಿದವರು ಮಾತಾಡಲಿಲ್ಲ. ೨೨ ಆಗುವಷ್ಟರಲ್ಲಿ ದಾರಿ ತೆರವಾಯಿತು. ಮುಂದಿನ ಪೆಟ್ರೋಲು ಅಂಗಡಿಯಲ್ಲಿ ಮಂಜುಗಡ್ಡೆಯ ಚೀಲವನ್ನು ಕೊಂಡು ಡಬ್ಬಿಯ ಹೊರಗೆ ಸುತ್ತಲೂ ಇಟ್ಟೆವು. ನೀರಿನೊಳಕ್ಕೇ ಹಾಕಿದರೆ ಹಠಾತ್ತಾದ ಚಳಿಯೂ ಕೇಡೇ. ಗಂಟೆಯೊಳಗೆ ಮಾಪಕವು ೧೮ಕ್ಕೆ ಬಂದಿತು.

ಮುಂದೆ ಆ ನದಿಯ ದಕ್ಷಿಣ ಶಾಖೆಯೇ ಡೆನ್ವರಿನವರೆಗೆ ದಾರಿ ತೋರಿತು. ಮನೆ ಸೇರಿದೊಡನೆ ಹಾಸಿಗೆ ಬಿಚ್ಚುವುದಕ್ಕೂ ಮೊದಲು ತೊಟ್ಟಿಯನ್ನು ಹೂಡಿ, ಕ್ಲೋರೀನು ಕಳೆದ ಹೊಸ ನೀರನ್ನು ಡಬ್ಬಿಗೆ ಒಂದೊಂದು ಲೋಟದಂತೆ ಗಂಟೆಯ ಕಾಲ ಬೆರೆಸಿ, ಆಮೇಲೆ ಅದನ್ನು ಬಿಟ್ಟೆವು. ಮಾರನೆಯ ಬೆಳಗ್ಗೆ ಎರೆಹುಳುವಿನ ಪಾರಣೆಯಾಯಿತು.

ಸಾಕಿರುವುದು ಮರಗಪ್ಪೆಯಾದರೆ ನೀರು ತುಂಬಬಾರದು. ಗಾಳಿಯಾಡುವ ಡಬ್ಬಿಯಲ್ಲಿ ಒದ್ದೆ ಕಾಗದದ ಹಾಸು ಸಾಕು; ಒಂದು ಡಬ್ಬಿಗೆ ಒಂದೇ ಕಪ್ಪೆ. ಮುಟ್ಟಲೇಬೇಕಾದರೆ ತೊಳೆದ ಒದ್ದೆ ಕೈಯಿಂದ ಮುಟ್ಟಬೇಕು. ಉಳಿದ ಧರ್ಮವು ಒಂದೇ. ಬಾಯಿಲ್ಲದ ಪ್ರಾಣಿಯನ್ನು ಮನೆಗೆ ತಂದ ಗೃಹಸ್ಥನು ಅದರ ಹಸಿವು, ಸೆಕೆ, ಭಯಗಳನ್ನು ಅದರ ಬದಲಾಗಿ ತಾನೇ ಎಣಿಸುತ್ತಿರಬೇಕು. ಮಕ್ಕಳು ಈ ಎಣಿಕೆಯನ್ನು ಕಲಿತರೆ ಮುಂದೆ ಮನುಷ್ಯರ ವಿಷಯದಲ್ಲಿಯೂ ಅದನ್ನು ಮರೆಯಲಾರರು.